ರಾಜಾಜಿನಗರದ ಸೀಸರ್ ಹಬ್ಬ

ರಾಜಾಜಿನಗರ, ಬೆಂಗಳೂರು
18 ಮಾರ್ಚ್ 1975

ಪ್ರೀತಿಯ ಜಲಜಾ,

ನೀನಿಲ್ಲದ ಮೊದಲ ಸೀಸರ್ ಹಬ್ಬ ಮೊನ್ನೆ ಶನಿವಾರ ನಮ್ಮ ಮನೆಯ ಹಜಾರದಲ್ಲಿ ಮುಗಿಯಿತು. ಈ ಸಲ ಸತ್ತವರು ಯಾರು ಗೊತ್ತೇನೇ? ನಮ್ಮ ಹೆಡ್‌ಮಿಸ್ಟ್ರೆಸ್ ವಿಮಲಮ್ಮನವರು! ಇಷ್ಟು ವರ್ಷ ‘ಇದೆಲ್ಲ ಮಕ್ಕಳಾಟ’ ಎಂದು ದೂರವೇ ಇದ್ದವರು ಈ ಸಲ ತಾವಾಗಿಯೇ ಬಂದರು. ಚೀಟಿ ಎತ್ತಿದರೆ ಅವರ ಹೆಸರೇ ಬರಬೇಕೆ! ಹೆಗಲಿಗೆ ನಮ್ಮ ಮನೆಯ ಬಿಳಿ ದುಪ್ಪಟಿ ಹೊದಿಸಿ, ತಲೆಗೆ ಕರಿಬೇವಿನ ಕಿರೀಟ ಕಟ್ಟಿ, ಕುರ್ಚಿಯಲ್ಲಿ ಕೂರಿಸಿದೆವು. ಆಮೇಲೆ ನಮ್ಮ ಪದ್ಧತಿಯಂತೆ ಒಬ್ಬೊಬ್ಬರೇ ಎದುರು ನಿಂತು, ವರ್ಷದಲ್ಲಿ ಅವರಿಗೆ ಬಗೆದ ದ್ರೋಹವನ್ನು ಒಪ್ಪಿಕೊಂಡು, ಬೆನ್ನಿಗೆ ಸ್ಕೇಲಿನಿಂದ ಚುಚ್ಚಿದ್ದಾಯಿತು.

ಆಮೇಲೆ ಹೊಲಿಗೆ ಕಲಿಸುವ ನಮ್ಮ ಕಮಲಾಕ್ಷಮ್ಮನ ಸರದಿ ಬಂತು. “ಮೇಡಂ, ನೀವು ಸ್ಟಾಫ್ ಮೀಟಿಂಗ್‌ನಲ್ಲಿ ಮಾತಾಡೋವಾಗೆಲ್ಲ ನಾನು ಮೇಜಿನ ಕೆಳಗೆ ಸ್ವೆಟರ್ ಹೆಣೀತಿದ್ದೆ” ಅಂದಳು.

“ಯಾರಿಗೆ?”

“ನಿಮಗೇ ಮೇಡಂ. ರಿಟೈರ್ ಆಗೋ ದಿನ ಕೊಡೋಣ ಅಂತ.”

ನಕ್ಕು ನಕ್ಕು ನಮಗೆಲ್ಲ ಪಕ್ಕೆ ನೋವು ಬಂತು. ವಿಮಲಮ್ಮನವರು “ಅಯ್ಯೋ, ನಿಮ್ಮನ್ನ ನಂಬಿ ಕೆಟ್ಟೆನಲ್ರೇ!” ಎಂದು ಜೋರಾಗಿ ಕೂಗಿದರು. ಆದರೆ ಬೀಳಲು ಮಂಡಿ ಬಗ್ಗುವುದಿಲ್ಲ. ಕೊನೆಗೆ ಇಬ್ಬರು ತೋಳು ಹಿಡಿದು ಹಾಸಿಗೆಯ ಮೇಲೆ ಮೆಲ್ಲಗೆ ಮಲಗಿಸಿದೆವು.

ಆಗ ನನ್ನ ಇತಿಹಾಸದ ಪಾಠದಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ, ಮಾರ್ಚ್ ಹದಿನೈದರಂದು ರೋಮಿನಲ್ಲಿ ಸೀಸರನನ್ನು ಅವನ ಸ್ನೇಹಿತರೇ ಇರಿದು ಕೊಂದರು ಎಂಬುದು ತಲೆಗೆ ಹತ್ತದೆ ಇದ್ದಾಗ, ನೀನು ಸೀಸರನಾಗಿ ಮೇಜಿನ ಮೇಲೆ ಬಿದ್ದೆ, ನಾನು ಸ್ಕೇಲಿನಿಂದ ಇರಿದೆ. ಅವತ್ತಿನ ತಮಾಷೆ ಹೀಗೆ ವರ್ಷಾವರ್ಷ ನಡೆಯುವ ಹಬ್ಬವಾಗುತ್ತದೆಂದು ಯಾರು ಕಂಡಿದ್ದರು!

ದಾವಣಗೆರೆಯಿಂದ ಅವ್ವ ಬಂದಿದ್ದಳು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ, ಕಡೆಯಲ್ಲಿ ಹೋಳಿಗೆ. ತಮ್ಮ ಜಂಬಣ್ಣನೂ ಜೊತೆಗೆ ಬಂದಿದ್ದ. ಹತ್ತಿ ಗಿರಣಿಯ ಕಾರ್ಮಿಕರ ಸಂಘ ಎಂದು ಊರೂರು ತಿರುಗುವವನು. ಹೆಂಗಸರ ಹಬ್ಬದಲ್ಲಿ ನನಗೇನು ಕೆಲಸ ಎಂದು ಹಿತ್ತಲಲ್ಲಿ ಕೂತು, ಬಾಣಲೆಯಿಂದ ಇಳಿದ ಮೆಣಸಿನಕಾಯಿಗಳನ್ನೆಲ್ಲ ಖಾಲಿ ಮಾಡಿದ. ಅವ್ವ ನಿನ್ನನ್ನು ಕೇಳಿದಳು. “ಆ ನಗೋ ಹುಡುಗಿ ಎಲ್ಲಿ?” ಅಂದಳು. ನಿನ್ನ ಗಂಡನಿಗೆ ಬಳ್ಳಾರಿಗೆ ವರ್ಗವಾಯಿತು ಎಂದರೆ, “ಅಷ್ಟು ಬಿಸಿಲಾಗೆ ನಗು ಹೆಂಗ ಬರ್ತತಿ ಅದಕ್ಕೆ” ಅಂದಳು.

ಬೇಗ ಬರೆ. ಪುಟ್ಟಲಕ್ಷ್ಮಿಗೆ ಮುತ್ತು.

ನಿನ್ನ ಅಕ್ಕ,
ಜಗದಾಂಬಾ


ಬಳ್ಳಾರಿ
6 ಏಪ್ರಿಲ್ 1975

ಪ್ರೀತಿಯ ಅಕ್ಕ,

ನಿಮ್ಮ ಕಾಗದವನ್ನು ಓದಿ ಓದಿ ಮಡಿಕೆ ಹರಿದುಹೋಗಿದೆ. ವಿಮಲಮ್ಮನವರು ಹಾಸಿಗೆಯ ಮೇಲೆ ಇಳಿಯುವುದನ್ನು ಕಣ್ಣಾರೆ ನೋಡಿದ ಹಾಗಾಯಿತು.

ಇಲ್ಲಿ ಮಧ್ಯಾಹ್ನ ಹೊತ್ತು ನೆಲದ ಮೇಲೆ ಕಾಲಿಡುವ ಹಾಗಿಲ್ಲ. ಶಾಲೆಯಲ್ಲಿ ನಾನು ‘ಬರ್ತೀನಿ, ಹೋಗ್ತೀನಿ’ ಅಂದರೆ ಮಕ್ಕಳು ನಗುತ್ತಾರೆ. ಯಾರನ್ನೂ ಹಚ್ಚಿಕೊಳ್ಳಲು ಮನಸ್ಸಾಗುವುದಿಲ್ಲ ಅಕ್ಕ. ಇವರು ಬೆಂಗಳೂರಿಗೆ ವರ್ಗ ಕೇಳಿ ಮತ್ತೆ ಅರ್ಜಿ ಹಾಕಿದ್ದಾರೆ. ‘ವೆಂಕಟಗಿರಿ, ನಿಮ್ಮ ಫೈಲು ಮೇಲೆ ಹೋಗಿದೆ’ ಎಂದು ಸಾಹೇಬರು ಹೇಳುತ್ತಲೇ ಇರುತ್ತಾರಂತೆ. ಮೇಲೆ ಹೋದದ್ದು ಕೆಳಗೆ ಬರುವುದೇ ಇಲ್ಲ. ಬೆಂಗಳೂರಿನ ವಿಜಯನಗರದ ನಮ್ಮ ಸೈಟಿನಲ್ಲಿ ನಾಲ್ಕು ಕಲ್ಲು ನೆಟ್ಟಿರುವುದನ್ನು ಬಿಟ್ಟರೆ ಏನೂ ಇಲ್ಲ. ಆದರೂ ನಾನು ದಿನಾ ಮನಸ್ಸಿನಲ್ಲೇ ಅಲ್ಲಿ ಅಡುಗೆಮನೆ ಕಟ್ಟುತ್ತೇನೆ, ಕೆಡವುತ್ತೇನೆ. ಮಾಗಡಿ ರಸ್ತೆ ದಾಟಿದರೆ ನಿಮ್ಮ ಮನೆ! ಸಂಜೆ ಹೊತ್ತು ನಡೆದೇ ಬಂದುಬಿಡಬಹುದು.

ಹಬ್ಬಕ್ಕೆ ಬರಲಿಲ್ಲವೆಂದು ನನ್ನ ದ್ರೋಹವನ್ನು ಮುಚ್ಚಿಡುವ ಹಾಗಿಲ್ಲವಲ್ಲ. ನೀವು ಸಂಕ್ರಾಂತಿಗೆ ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿಯನ್ನು ನಾನೇ ಮಾಡಿದ್ದು ಎಂದು ಇವರ ಸಾಹೇಬರ ಹೆಂಡತಿಗೆ ಕೊಟ್ಟುಬಿಟ್ಟೆ. ತುಂಬ ಮೆಚ್ಚಿಕೊಂಡರು. ಈಗ ನೀವು “ನಂಬಿ ಕೆಟ್ಟೆ” ಅನ್ನಬೇಕು.

ನಿಮ್ಮ ತಂಗಿ,
ಜಲಜಾ


ಬಳ್ಳಾರಿ
4 ಮಾರ್ಚ್ 1976

ಪ್ರೀತಿಯ ಅಕ್ಕ,

ಬಹಳ ದಿನಗಳಿಂದ ಬರೆಯಲಿಲ್ಲವೆಂದು ಬೇಸರ ಪಡಬೇಡಿ. ತುರ್ತು ಪರಿಸ್ಥಿತಿ ಬಂದಾಗಿನಿಂದ ಇವರಿಗೆ ಎಲ್ಲಕ್ಕೂ ಭಯ. “ಕಾಗದದಲ್ಲಿ ಕ್ಷೇಮಸಮಾಚಾರ ಬಿಟ್ಟು ಬೇರೆ ಏನೂ ಬರೀಬೇಡ. ಆಮೇಲೆ ಆಫೀಸಿನಲ್ಲಿ ನನ್ನನ್ನ ಕೇಳ್ತಾರೆ” ಅನ್ನುತ್ತಾರೆ. ಬರೀ ಕ್ಷೇಮ ಬರೆಯಲು ನಿಮಗೇಕೆ ಬರೆಯಬೇಕು!

ಸಂತೋಷದ ಸುದ್ದಿ: ಸೈಟಿನ ಕೆಲಸಕ್ಕಾಗಿ ನಾನು ಪುಟ್ಟಲಕ್ಷ್ಮಿಯನ್ನು ಕರೆದುಕೊಂಡು ಹದಿನಾಲ್ಕಕ್ಕೆ ಬೆಂಗಳೂರಿಗೆ ಬರುತ್ತಿದ್ದೇನೆ. ಮರುದಿನ ನಮ್ಮ ಹಬ್ಬ. ಚೀಟಿಯಲ್ಲಿ ನನ್ನ ಹೆಸರೂ ಇರಲಿ.

ನಿಮ್ಮ
ಜಲಜಾ


ರಾಜಾಜಿನಗರ
22 ಮಾರ್ಚ್ 1976

ಪ್ರೀತಿಯ ಜಲಜಾ,

ನೀನು ಹೋದ ಮೇಲೆ ಮನೆ ಭಣಭಣ ಎನ್ನುತ್ತಿದೆ. ನಾನು ಸೀಸರನಾಗಿ ಕೂತು, “ಇನ್ಮೇಲೆ ಸ್ಟಾಫ್ ರೂಮಿನಲ್ಲಿ ಯಾರೂ ತುಟಿ ಪಿಟಕ್ ಅನ್ನಕೂಡದು. ರಾಜಾಜಿನಗರದ ಬಸ್ಸು ನಾನು ಹೇಳಿದ ಹೊತ್ತಿಗೆ ಬರಬೇಕು. ಬರಲಿಲ್ಲ ಅಂದ್ರೆ ಬಸ್ಸನ್ನೇ ಒಳಗೆ ಹಾಕಿಸ್ತೀನಿ” ಎಂದು ಅಪ್ಪಣೆ ಕೊಡಿಸಿದ್ದನ್ನು ನೆನೆಸಿಕೊಂಡು ವಿಮಲಮ್ಮನವರು ಇವತ್ತೂ ನಗುತ್ತಿದ್ದರು. ನಕ್ಕ ಮೇಲೆ ಆಚೆ ಈಚೆ ನೋಡಿದರು. ಕಾಲ ಹಾಗಿದೆ.

ನೀನು ಸ್ಕೇಲು ಹಿಡಿದು ಬಂದು, ಒಪ್ಪಿಕೊಳ್ಳಲು ಏನೂ ಇಲ್ಲವೆಂದು ಕಣ್ಣಲ್ಲಿ ನೀರು ತಂದುಕೊಂಡೆಯಲ್ಲ, ಹುಚ್ಚಿ! ದ್ರೋಹ ಮಾಡದೆ ಹಬ್ಬಕ್ಕೆ ಬಂದವಳೆಂದು ನಿನಗೆ ದಂಡ ಹಾಕಬೇಕಿತ್ತು.

ಅಡುಗೆಮನೆಯಲ್ಲಿ ಹೇಳಿದ ಮಾತು ನಿನ್ನಲ್ಲೇ ಇರಲಿ. ನಿನಗೆ ಹೇಳಿದ್ದೇನೆಂದು ನಮ್ಮವರಿಗೂ ತಿಳಿಸಿಲ್ಲ. ಒಬ್ಬಳೇ ಹೊತ್ತುಕೊಂಡು ಸಾಕಾಗಿತ್ತು ಕಣೇ. ನಿನ್ನ ಹತ್ತಿರ ಹೇಳಿಕೊಂಡ ಮೇಲೆ ನಿದ್ದೆ ಬರುತ್ತಿದೆ.

ನಿನ್ನ ಅಕ್ಕ,
ಜಗದಾಂಬಾ


ರಾಜಾಜಿನಗರ
9 ಏಪ್ರಿಲ್ 1976

ಜಲಜಾ,

ಜಂಬಣ್ಣನನ್ನು ಹಿಡಿದುಕೊಂಡು ಹೋದರು. ಇನ್ನು ಮುಚ್ಚಿ ಬರೆಯುವುದರಲ್ಲಿ ಅರ್ಥವಿಲ್ಲ.

ಗಿರಣಿಯ ಮುಷ್ಕರದ ಕಾಲದಿಂದ ಅವನ ಮೇಲೆ ವಾರಂಟು ಇತ್ತು, ಅವನು ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದ, ಆಗೀಗ ನಮ್ಮ ಹಿತ್ತಲ ಬಾಗಿಲಿಂದ ಬಂದು ಉಂಡು ಹೋಗುತ್ತಿದ್ದ. ಇದು ನಿನಗೆ ಗೊತ್ತೇ ಇದೆ. ಯುಗಾದಿಗೆ ಅವ್ವನ ಕೈ ಊಟಕ್ಕೆ ಬರುತ್ತಾನೆ ಎಂದೂ ಹೇಳಿದ್ದೆ. ಹಾಗೆಯೇ ಬಂದ. ಅವ್ವ ಬೇವು ಬೆಲ್ಲ ಕೊಟ್ಟು ಎಲೆ ಹಾಕಿದಳು. ಅವನು ಮೊದಲ ತುತ್ತು ಎತ್ತುವಷ್ಟರಲ್ಲಿ ಹಿತ್ತಲಿಂದಲೂ ಬೀದಿಯಿಂದಲೂ ಪೊಲೀಸರು ಬಂದರು. ಹುಡುಕಲಿಲ್ಲ, ಕೇಳಲಿಲ್ಲ. ನೇರವಾಗಿ ಊಟದ ಮನೆಗೇ ಬಂದರು.

ಅವ್ವ ಎಲೆಗೆ ಅಡ್ಡ ನಿಂತಳು. “ಉಣ್ಣೋ ಮಗನ್ನ ಎಬ್ಬಿಸಬ್ಯಾಡ್ರಪ್ಪ” ಅಂದಳು. ಇನ್‌ಸ್ಪೆಕ್ಟರು, “ಊಟ ಮುಗಿಸಲಿ ಅಜ್ಜಿ, ನಿಂತಿರ್ತೀವಿ” ಅಂದರು. ಅವರೆಲ್ಲ ನೋಡುತ್ತಿದ್ದ ಹಾಗೆ ಜಂಬಣ್ಣ ಉಂಡ. ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡ. ಅವ್ವನ ಕೈಯಿಂದ ತುಪ್ಪ ಎಲೆಗೆ ಬೀಳಲಿಲ್ಲ, ನೆಲಕ್ಕೆ ಬಿತ್ತು. ಕೈ ತೊಳೆದು, ಅವ್ವನ ಕಾಲು ಮುಟ್ಟಿ ಹೋದ.

ಅಷ್ಟಕ್ಕೇ ಮುಗಿಯಲಿಲ್ಲ. ಶಾಲೆಯ ಸೆಕ್ರೆಟರಿ ಗಂಗಾಧರಯ್ಯನವರು ಕರೆಸಿದರು. “ನಿಮ್ಮ ತಮ್ಮ ಒಳಗಿದಾನೆ. ಆಳೋರನ್ನ ಇರಿದು ಕೊಲ್ಲೋ ಆಟನ ನೀವು ಮನೇಲಿ ಆಡಿಸ್ತೀರಂತೆ. ಬಸ್ಸು ಹೊತ್ತಿಗೆ ಬರೋದನ್ನ ಹಾಸ್ಯ ಮಾಡಿದ್ರಂತೆ. ಸದ್ಯಕ್ಕೆ ಮನೇಲಿರಿ ಮೇಡಂ, ವಿಚಾರಣೆ ಮಾಡ್ತೀವಿ” ಅಂದರು. ವರ್ಷಾವರ್ಷ ನಕ್ಕಿದ್ದು ಈಗ ಒಂದು ಅಪರಾಧ.

ಬಸ್ಸಿನ ಮಾತು ಹೇಳಬೇಕಾದರೆ ಅವತ್ತು ಹಜಾರದಲ್ಲಿ ಇದ್ದವರೇ ಹೇಳಿರಬೇಕು. ಕಮಲಾಕ್ಷಮ್ಮನ ಮೈದುನ ಪೊಲೀಸಿನಲ್ಲಿದ್ದಾನೆ. ಅವತ್ತು ಚೀಲ ಇಡುತ್ತೇನೆಂದು ಹಿಂದಿನ ಕೋಣೆಗೆ ಹೋಗಿ, ಗೂಟದಲ್ಲಿದ್ದ ಜಂಬಣ್ಣನ ಅಂಗಿ ನೋಡಿ “ಯಾರದು?” ಎಂದು ಕೇಳಿದ್ದಳು. ನನಗೆ ಅವಳ ಮೇಲೆಯೇ ಅನುಮಾನ.

ನಿನ್ನಿಂದ ಒಂದು ಉಪಕಾರ. ಆ ಆಟ ಶಾಲೆಯಲ್ಲಿ ಮಕ್ಕಳ ಪಾಠಕ್ಕಾಗಿ ಶುರುವಾದದ್ದು, ಎಷ್ಟು ಹಳೆಯದು, ಯಾರಿಗೂ ಕೇಡಿಲ್ಲದ್ದು ಎಂದು ಗಂಗಾಧರಯ್ಯನವರಿಗೆ ನೀನು ತಿಳಿಸಬೇಕು. ಅದನ್ನು ನನ್ನ ಜೊತೆ ಶುರುಮಾಡಿದವಳು ನೀನೇ ಅಲ್ಲವೇ.

ಜಗದಾಂಬಾ


ಬಳ್ಳಾರಿ
3 ಮೇ 1976

ಪೂಜ್ಯ ಅಕ್ಕನವರಿಗೆ,

ತಮ್ಮ ಕಾಗದ ತಲುಪಿ ಬಹಳ ನೊಂದುಕೊಂಡೆವು. ಪರೀಕ್ಷೆಯ ಕೆಲಸದಿಂದ ಉತ್ತರ ತಡವಾಯಿತು. ದೇವರು ಎಲ್ಲವನ್ನೂ ಸರಿಮಾಡುತ್ತಾನೆ.

ಸೆಕ್ರೆಟರಿಯವರಿಗೆ ಬರೆಯುವ ವಿಚಾರ ಇವರ ಹತ್ತಿರ ಕೇಳಿದೆ. ಸರ್ಕಾರಿ ನೌಕರನ ಹೆಂಡತಿ ಇಂಥದರಲ್ಲಿ ಕೈ ಹಾಕಬಾರದು ಅಂದರು. ತಾವು ತಪ್ಪು ತಿಳಿಯಬಾರದು.

ಕಮಲಾಕ್ಷಮ್ಮನವರ ವಿಷಯ ತಾವು ಬರೆದದ್ದು ಇರಬಹುದು. ಅವರು ಮೊದಲಿನಿಂದಲೂ ಎಲ್ಲರ ಮಾತನ್ನೂ ಕಿವಿಗೊಟ್ಟು ಕೇಳುವವರು.

ಇಲ್ಲಿ ಬಿಸಿಲು ಹೆಚ್ಚು. ಪುಟ್ಟಲಕ್ಷ್ಮಿಗೆ ಸ್ವಲ್ಪ ಜ್ವರ.

ಜಲಜಾ


ರಾಜಾಜಿನಗರ
12 ಜೂನ್ 1976

ಪ್ರೀತಿಯ ಜಲಜಾ,

‘ಪೂಜ್ಯ’ ಎಂದೆಲ್ಲ ಯಾಕೆ ಬರೆದೆ? ಮೊದಲು ನಗು ಬಂತು. ಆಮೇಲೆ ಪಾಪ, ಯಾರಾದರೂ ಕಾಗದ ಒಡೆದು ಓದುತ್ತಾರೆಂದು ಹೆದರಿದ್ದೀಯ ಅಂದುಕೊಂಡೆ. ನಿನ್ನ ಮೇಲೆ ಕೋಪವಿಲ್ಲ. ವೆಂಕಟಗಿರಿಯವರ ಕೆಲಸಕ್ಕೆ ತೊಂದರೆಯಾಗುವುದಾದರೆ ಬರೆಯಬೇಡ.

ಕಮಲಾಕ್ಷಮ್ಮನ ಬಗ್ಗೆ ನೀನೂ ಹಾಗೆ ಬರೆದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಕಳೆದ ವಾರ ರೇಷನ್ ಅಂಗಡಿಯ ಸಾಲಿನಲ್ಲಿ ಸಿಕ್ಕಿದಳು. “ಹೇಗಿದೀರಿ ಜಗದಾಂಬಾ, ಅಮ್ಮ ಹುಷಾರಾಗಿದಾರಾ?” ಎಂದು ಕೈ ಹಿಡಿದಳು. ನನಗೆ ಎಲ್ಲಿತ್ತೋ ಸಿಟ್ಟು! ಕೈ ಕೊಡವಿ, “ನನ್ನ ತಮ್ಮನ್ನ ಹಿಡಿದು ಕೊಟ್ಟು ಅಮ್ಮನ ಯೋಗಕ್ಷೇಮ ಬೇರೆ ಕೇಳ್ತೀರಾ? ನಮ್ಮನೇಲಿ ಉಂಡು ಹೋಗಿ ಮೈದುನನಿಗೆ ಊದಿದ್ರಲ್ಲ!” ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಕ್ಕಳ ತಾಯಂದಿರೂ ಇದ್ದರು.

ಅವಳು “ನೀವಾ ಈ ಮಾತು ಹೇಳ್ತಿರೋದು?” ಎಂದಷ್ಟೇ ಕೇಳಿ, ಸಕ್ಕರೆ ತೆಗೆದುಕೊಳ್ಳದೆ ಹೊರಟುಹೋದಳು. ಶಾಲೆಗೆ ರಾಜೀನಾಮೆ ಕೊಟ್ಟು ಕೆಂಗೇರಿಯಲ್ಲಿರುವ ಅಕ್ಕನ ಮನೆಗೆ ಹೋದಳೆಂದು ವಿಮಲಮ್ಮನವರು ಹೇಳಿದರು. ತಪ್ಪು ಮಾಡಿದವಳಿಗೆ ಇಲ್ಲಿ ಮುಖ ತೋರಿಸುವುದು ಕಷ್ಟವಾಗಿರಬೇಕು ಎಂದೆ. ಅವರು ಮಾತು ಬದಲಿಸಿದರು.

ಅವ್ವ ಇಲ್ಲಿಯೇ ಇದ್ದಾಳೆ. ಜಂಬಣ್ಣನನ್ನು ನೋಡದೆ ದಾವಣಗೆರೆಗೆ ಹೋಗುವುದಿಲ್ಲ ಎಂದು ಹಠ. ಜೈಲಿನಲ್ಲಿ ನೋಡಲು ಅನುಮತಿ ಕೇಳಿದ್ದೇವೆ. ಪುಟ್ಟಲಕ್ಷ್ಮಿಗೆ ಜ್ವರ ಬಿಟ್ಟಿತೇ?

ನಿನ್ನ ಅಕ್ಕ,
ಜಗದಾಂಬಾ


ಬಳ್ಳಾರಿ
10 ಜುಲೈ 1976

ಅಕ್ಕ,

ಈ ಕಾರ್ಡು ಅವಸರದಲ್ಲಿ ಬರೆಯುತ್ತಿದ್ದೇನೆ. ಇವರಿಗೆ ಬೆಂಗಳೂರಿಗೆ ವರ್ಗವಾಗಿದೆ. ಬಡ್ತಿಯೂ ಬಂದಿದೆ. ಮುಂದಿನ ತಿಂಗಳು ಹೊರಡುತ್ತೇವೆ. ಸದ್ಯಕ್ಕೆ ವಿಜಯನಗರದಲ್ಲಿ ಬಾಡಿಗೆಗೆ ಇದ್ದು ಮನೆ ಕಟ್ಟಿಸುವುದೆಂದು ಯೋಚನೆ. ನಿಮ್ಮ ಈ ಸ್ಥಿತಿಯಲ್ಲಿ ನನ್ನ ಸಂತೋಷ ಹೇಳಿಕೊಳ್ಳಲು ಸಂಕೋಚ. ಪುಟ್ಟಲಕ್ಷ್ಮಿಯ ಜ್ವರ ಬಿಟ್ಟಿದೆ, ಸ್ವಲ್ಪ ಕೆಮ್ಮು ಉಳಿದಿದೆ.

ಜಲಜಾ


ರಾಜಾಜಿನಗರ
2 ಆಗಸ್ಟ್ 1976

ಜಲಜಾ,

ನಿನ್ನೆ ಜೈಲಿನಲ್ಲಿ ಜಂಬಣ್ಣನನ್ನು ನೋಡಲು ಬಿಟ್ಟರು. ನಾನು, ನಮ್ಮವರು, ಅವ್ವ ಹೋಗಿದ್ದೆವು. ಇಳಿದುಹೋಗಿದ್ದಾನೆ. ಗಡ್ಡ ಬಂದಿದೆ. ಅವ್ವ ಗಡ್ಡವನ್ನೇ ಸವರುತ್ತಾ ಕೂತಳು. ಸಮಯ ಮುಗಿಯುವ ಹೊತ್ತಿಗೆ ಅವನು ನನ್ನನ್ನು ಪಕ್ಕಕ್ಕೆ ಕರೆದ.

“ಅಕ್ಕ, ಬಳ್ಳಾರಿಯಾಗೆ ನಮ್ಮೋರು ಯಾರದಾರೆ?”

“ಯಾರೂ ಇಲ್ಲ ಕಣೋ. ಯಾಕೆ?”

“ಅವತ್ತು ಜೀಪಿನಾಗೆ ಇನ್‌ಸ್ಪೆಕ್ಟರು ನಕ್ಕಂತ ಅಂದ. ‘ನಿನ್ನ ಹುಡುಕಿ ದಾವಣಗೆರೆಯೆಲ್ಲ ಜಾಲಾಡಿದ್ವಿ. ಕೊನೆಗೆ ಬಳ್ಳಾರಿಯಿಂದ ಸುದ್ದಿ ಬಂತು, ಹಬ್ಬದ ಊಟಕ್ಕೆ ಹಿತ್ತಲ ಬಾಗಿಲಿಂದ ಬರ್ತಾನೆ ಅಂತ’ ಅಂದ. ಬಳ್ಳಾರಿಯಾಗೆ ಯಾರಿಗೆ ಗೊತ್ತಿತ್ತು ಅಂತ ಯೋಚನೆ ಮಾಡಿ ಮಾಡಿ ಸಾಕಾಗೇತಿ.”

ಆಗಲೂ ನಾನು ಯಾರೂ ಇಲ್ಲ ಎಂದೇ ಹೇಳಿದೆ ನೋಡು. ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಹೊರಗೆ ಬಂದು ಬಸ್ಸಿಗೆ ನಿಂತಾಗ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. “ಬಿಸಿಲು ಹತ್ತಿದ್ದೀತು” ಎಂದು ಅವ್ವ ಸೆರಗಿನಿಂದ ಗಾಳಿ ಹಾಕಿದಳು.

ಮೆಣಸಿನಕಾಯಿ ಕರಿಯುತ್ತಾ ಆ ಮಾತನ್ನು ನಾನು ಹೇಳಿದ್ದು ನಿನ್ನೊಬ್ಬಳಿಗೆ. ನೀನು ಹಿಟ್ಟು ಕಲಸುತ್ತಿದ್ದೆ. “ಅಕ್ಕ, ಹೆದರಬೇಡಿ, ನನ್ನಲ್ಲೇ ಇರುತ್ತೆ” ಅಂದೆ. ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದೆ. ಕಮಲಾಕ್ಷಮ್ಮ ಅಂಗಿ ನೋಡಿರಬಹುದು. ಯುಗಾದಿಯ ಊಟ ಅವಳಿಗೆ ಹೇಗೆ ಗೊತ್ತಾದೀತು? ಅದನ್ನು ನಾನು ಆಗಲೇ ಯೋಚಿಸಬೇಕಿತ್ತು. ಯೋಚನೆ ನಿನ್ನ ಕಡೆಗೆ ತಿರುಗಲೇ ಇಲ್ಲ.

ವರ್ಷಗಟ್ಟಲೆ ಅಲುಗದ ಫೈಲು ಈಗ ಬಡ್ತಿಯನ್ನೂ ಕಟ್ಟಿಕೊಂಡು ಕೆಳಗೆ ಇಳಿದಿದೆ. ನಿನ್ನ ಕಾರ್ಡು ಬಂದ ದಿನ ನಾನು ದೇವರ ಮುಂದೆ ದೀಪ ಹಚ್ಚಿದ್ದೆ, ನನ್ನ ತಂಗಿ ಹತ್ತಿರ ಬರುತ್ತಾಳೆ ಎಂದು.

ನೀನು ಹೆದರಿದ್ದರೆ ಅರ್ಥವಾಗುತ್ತದೆ. ಬಾಯಿ ತಪ್ಪಿ ಗಂಡನ ಹತ್ತಿರ ಅಂದಿದ್ದರೂ ಅರ್ಥವಾಗುತ್ತದೆ. ಆದರೆ ಆಮೇಲೆ? ನಾನು ಕಮಲಾಕ್ಷಮ್ಮನ ಹೆಸರು ಬರೆದೆ, ನೀನು ‘ಇರಬಹುದು’ ಎಂದು ಬರೆದೆ. ನಾನು ಅವಳನ್ನು ಬೀದಿಯಲ್ಲಿ ನಿಲ್ಲಿಸಿ ಅಂದದ್ದನ್ನೆಲ್ಲ ಬರೆದೆ. ಅದನ್ನು ಓದಿಯೂ ನೀನು ಪುಟ್ಟಲಕ್ಷ್ಮಿಯ ಕೆಮ್ಮಿನ ವಿಷಯ ಬರೆದೆ.

ಯಾರಿಗೆ ಹೇಳಿದೆ, ಯಾಕೆ ಹೇಳಿದೆ, ಒಂದು ಸಾಲು ಬರೆ. ಬೇರೆ ಏನೂ ಬೇಡ.

ಜಗದಾಂಬಾ


ರಾಜಾಜಿನಗರ
21 ನವೆಂಬರ್ 1976

ಜಲಜಾ,

ವಿಜಯನಗರದ ನಿನ್ನ ವಿಳಾಸವನ್ನು ವಿಮಲಮ್ಮನವರಿಂದ ಪಡೆದು ಈ ಕಾರ್ಡು ಹಾಕುತ್ತಿದ್ದೇನೆ.

ಅವ್ವ ಹೋದ ಗುರುವಾರ ತೀರಿಕೊಂಡಳು. ಜಂಬಣ್ಣನಿಗೆ ಬರಲು ಅನುಮತಿ ಸಿಕ್ಕಿದ್ದು ಮಣ್ಣು ಮುಗಿದ ಮೇಲೆ. ನಿನಗೂ ಉಣ್ಣಲು ಬಡಿಸಿದ ಕೈ ಅವಳದು. ಅದಕ್ಕೆ ತಿಳಿಸುತ್ತಿದ್ದೇನೆ.

ಜಗದಾಂಬಾ


ವಿಜಯನಗರ, ಬೆಂಗಳೂರು
17 ಏಪ್ರಿಲ್ 1977

ಪ್ರೀತಿಯ ಅಕ್ಕ,

ಎಷ್ಟು ಸಲ ಬರೆಯಲು ಕೂತೆನೋ, ಎಷ್ಟು ಸಲ ಮಾಗಡಿ ರಸ್ತೆಯವರೆಗೆ ಬಂದು ಹಿಂದಿರುಗಿದೆನೋ ನನಗೇ ಗೊತ್ತು. ಈಗ ಆ ಕೆಟ್ಟ ಕಾಲ ಕಳೆಯಿತು. ಜಂಬಣ್ಣ ಬಿಡುಗಡೆಯಾಗಿ ಬಂದದ್ದು, ನಿಮ್ಮನ್ನು ಶಾಲೆಗೆ ಮರಳಿ ತೆಗೆದುಕೊಂಡದ್ದು ಎಲ್ಲ ಕೇಳಿ ಸಮಾಧಾನವಾಯಿತು. ಗಂಗಾಧರಯ್ಯನವರೇ ನಿಮಗೆ ಹಾರ ಹಾಕಿ, ಧೈರ್ಯಸ್ಥೆ ಎಂದು ಭಾಷಣ ಮಾಡಿದರಂತೆ. ವಿಮಲಮ್ಮನವರು ನಿವೃತ್ತರಾಗುತ್ತಿರುವುದರಿಂದ ಇನ್ನು ನೀವೇ ಹೆಡ್‌ಮಿಸ್ಟ್ರೆಸ್ ಎಂದೂ ತಿಳಿಯಿತು.

ಅಕ್ಕ, ಹೆಂಡತಿಯಾದವಳು ಗಂಡನ ಹತ್ತಿರ ಹತ್ತು ಮಾತು ಆಡುತ್ತಾಳೆ. ಅವರು ಹೊರಗೆ ಯಾರ ಹತ್ತಿರ ಏನು ಅಂದರೋ ನನಗೆ ತಿಳಿಯದು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಗ ಎಲ್ಲರ ಮನೆಯಲ್ಲೂ ಭಯ ಇತ್ತು. ಯಾರನ್ನು ಯಾರು ದೂರುವುದು? ಆದದ್ದನ್ನು ಮರೆತುಬಿಡೋಣ. ಅಮ್ಮನ ಸುದ್ದಿ ಬಂದ ದಿನ ನಾನು ಒಲೆ ಹಚ್ಚಲಿಲ್ಲ.

ಮನೆ ಮುಗಿದಿದೆ. ಮೇ ಎಂಟಕ್ಕೆ ಗೃಹಪ್ರವೇಶ. ನೀವು ಬಂದು ಮೊದಲು ಹಾಲು ಉಕ್ಕಿಸಬೇಕೆಂದು ನನ್ನ ಆಸೆ.

ಇನ್ನೊಂದು ಮಾತು. ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಜಾಗ ಖಾಲಿ ಇದೆಯೆಂದು ತಿಳಿದು ಅರ್ಜಿ ಹಾಕಿದ್ದೇನೆ. ಕಮಿಟಿಯವರು ನಿಮ್ಮ ಮಾತು ಕೇಳುತ್ತಾರೆ. ಮೊದಲಿನ ಹಾಗೆ ಜೊತೆಯಲ್ಲಿ ಕೆಲಸ ಮಾಡೋಣ ಅಕ್ಕ. ಈ ಸಲದ ಮಾರ್ಚ್ ಹದಿನೈದರಂದು ನೀವೆಲ್ಲ ಸೇರಿದ್ದಿರಾ ಎಂದು ಕೇಳಬೇಕೆನಿಸಿತು, ಧೈರ್ಯವಾಗಲಿಲ್ಲ.

ನಿಮ್ಮ ತಂಗಿ,
ಜಲಜಾ


ರಾಜಾಜಿನಗರ
2 ಮೇ 1977

ಶ್ರೀಮತಿ ಜಲಜಾ ಅವರಿಗೆ,

ನಿಮ್ಮ ಅರ್ಜಿ ಕಮಿಟಿಯ ಮುಂದೆ ಬಂತು. ನನ್ನ ಅಭಿಪ್ರಾಯ ಕೇಳಿದರು. “ಇಂಗ್ಲಿಷನ್ನ ಅವರಷ್ಟು ಚೆನ್ನಾಗಿ ಕಲಿಸೋರು ನನಗೆ ಗೊತ್ತಿಲ್ಲ, ತಗೊಳ್ಳಿ” ಎಂದೆ. ನಮ್ಮ ಹುಡುಗಿಯರು ಎರಡು ವರ್ಷದಿಂದ ಆ ಒಂದು ವಿಷಯದಲ್ಲೇ ಫೇಲಾಗುತ್ತಿದ್ದಾರೆ. ನೇಮಕದ ಆದೇಶ ಪ್ರತ್ಯೇಕವಾಗಿ ಬರುತ್ತದೆ.

ನಮ್ಮವರು ಇದನ್ನು ಕೇಳಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಜಂಬಣ್ಣನಿಗೆ ಈಗ ಎಲ್ಲ ಗೊತ್ತು. “ಅಕ್ಕ, ನಿನಗೆ ದಿನಾ ಆ ಮುಖ ನೋಡೋಕೆ ಆಗ್ತತಾ?” ಅಂದ. ಆಗುತ್ತದೋ ಇಲ್ಲವೋ ನೋಡಬೇಕು ಎಂದೆ.

ಮರೆತುಬಿಡೋಣ ಎಂದು ಬರೆದಿದ್ದೀರಿ. ಆಗಸ್ಟಿನಲ್ಲಿ ನಾನು ಕೇಳಿದ್ದು ಒಂದು ಸಾಲು. ದಿನಾ ಮಧ್ಯಾಹ್ನ ಅಂಚೆಯವನು ಬರುವ ಹೊತ್ತಿಗೆ ಗೇಟಿಗೆ ಬರುತ್ತಿದ್ದೆ. ಅವ್ವ ಹಾಸಿಗೆ ಹಿಡಿದ ಮೇಲೂ ಬರುತ್ತಿದ್ದೆ. ‘ನಾನೇ ಹೇಳಿದೆ ಅಕ್ಕ’ ಎಂದು ಬಂದಿದ್ದರೆ, ಬೈಯುತ್ತಲಾದರೂ ನಡೆದುಕೊಂಡು ನಿಮ್ಮ ಮನೆಗೆ ಬಂದುಬಿಡುತ್ತಿದ್ದೆನೋ ಏನೋ. ಈಗ ಎಂಟು ತಿಂಗಳ ಮೇಲೆ ಬಂದ ಕಾಗದದಲ್ಲೂ ಆ ಸಾಲು ಇಲ್ಲ. ಗಂಡ ಇದ್ದಾರೆ, ಕಾಲ ಇದೆ, ಭಯ ಇದೆ. ನೀವು ಇಲ್ಲ.

ಹೋದ ಭಾನುವಾರ ಕೆಂಗೇರಿಗೆ ಹೋಗಿದ್ದೆ. ಕಮಲಾಕ್ಷಮ್ಮ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಒಳಗೆ ಕರೆದಳು, ನೀರು ಕೊಟ್ಟಳು, ಕಾಫಿ ಮಾಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಹೆಸರು ಬಂದಾಗ ಅವಳು ಲೋಟ ಕೆಳಗಿಟ್ಟಳು. “ಜಲಜಾನಾ? ಪಾಪ” ಎಂದಳು. ಆ ಪಾಪ ಯಾರಿಗೆ ಅಂದದ್ದೋ ನನಗೆ ಇನ್ನೂ ತಿಳಿದಿಲ್ಲ. ಕಾಲು ಹಿಡಿಯಲು ಬಗ್ಗಿದರೆ ಹಿಂದಕ್ಕೆ ಸರಿದಳು.

“ಅದೆಲ್ಲ ಬೇಡ. ನನ್ನನ್ನ ಒಂದು ಮಾತು ಕೇಳಬಹುದಿತ್ತು ಜಗದಾಂಬಾ. ಇಷ್ಟು ವರ್ಷ ಜೊತೇಲಿ ಕೂತು ಉಂಡವಳು.”

ಶಾಲೆಗೆ ಮರಳಿ ಬನ್ನಿ, ನಿಮ್ಮ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ ಎಂದು ಎಷ್ಟೋ ಕೇಳಿಕೊಂಡೆ. “ಬರಲ್ಲ. ಆ ಸಾಲಿನಲ್ಲಿ ಎಲ್ಲರೂ ನನ್ನ ಮುಖ ನೋಡಿಬಿಟ್ಟಿದಾರೆ” ಎಂದಳು. ಬಸ್‌ಸ್ಟಾಪಿನವರೆಗೆ ಬಂದು, ಬಸ್ಸು ಬರುವ ಮೊದಲೇ ತಿರುಗಿ ಹೋದಳು.

ಬೇಡಿಕೊಂಡರೂ ಅವಳು ಬರುವುದಿಲ್ಲ. ಬರುವುದು ನೀವು.

ಜೂನ್ ಒಂದರಂದು ಬೆಳಗ್ಗೆ ಆಫೀಸಿನಲ್ಲಿ ಸಹಿ ಮಾಡಿ. ನಿಮಗೆ ಎಂಟು, ಒಂಬತ್ತನೆಯ ತರಗತಿಗಳು. ಪಾಠದ ವಿಷಯ ಏನಿದ್ದರೂ ನನ್ನ ಕೋಣೆಗೆ ಬಂದು ಕೇಳಬಹುದು. ಬೇರೆ ವಿಷಯಕ್ಕೆ ಬರುವುದು ಬೇಡ. ಅಕ್ಕ ಎಂದು ಕರೆಯುವುದೂ ಬೇಡ.

ಗೃಹಪ್ರವೇಶಕ್ಕೆ ನಾನು ಬರುವುದಿಲ್ಲ. ಪುಟ್ಟಲಕ್ಷ್ಮಿಯನ್ನು ನಮ್ಮ ಶಾಲೆಗೇ ಸೇರಿಸಿ. ಮಗುವಿಗೆ ನಾನೇ ಇತಿಹಾಸ ಕಲಿಸುತ್ತೇನೆ.

ಜಗದಾಂಬಾ
ಪ್ರಭಾರ ಹೆಡ್‌ಮಿಸ್ಟ್ರೆಸ್